ಶಾವಿಗೆಯ ಮುಯ್ಯಿ, ಸಾವಿನ ಬುತ್ತಿ

ನಾನು ಸವಣೂರಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪ್ರತಿ ವರ್ಷ ನುಡಿಗಟ್ಟುಗಳ ಪಾಠ ಬರುತ್ತದೆ, ಪ್ರತಿ ವರ್ಷ ‘ಋಣ ತೀರಿಸು’ ಎಂಬುದನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಹೇಳುತ್ತೇನೆ, ಪ್ರತಿ ವರ್ಷ ಅರ್ಧ ತರಗತಿ ಒಂದೇ ವಾಕ್ಯ ಬರೆಯುತ್ತದೆ. ನನ್ನ ಚರ್ಮದಿಂದ ಚಪ್ಪಲಿ ಮಾಡಿಸಿ ಕೊಟ್ಟರೂ ತಂದೆತಾಯಿಯ ಋಣ ತೀರಿಸಲಾಗದು. ಸ್ವಂತ ವಾಕ್ಯವಂತೆ! ಈ ಮಾತನ್ನು ನಾನು ಮದುವೆಗಳಲ್ಲಿ ಕೇಳಿದ್ದೇನೆ, ಬೀಳ್ಕೊಡುಗೆ ಸಭೆಗಳಲ್ಲಿ ಕೇಳಿದ್ದೇನೆ, ಚುನಾವಣೆ ಗೆದ್ದವರ ಬಾಯಲ್ಲಂತೂ ಕೇಳಿ ಕೇಳಿ ಸಾಕಾಗಿದೆ. ಹೇಳಿದವರ ಚರ್ಮವೆಲ್ಲ ಅವರವರ ಮೈಮೇಲೆಯೇ ಇದೆ. ಕೇಳಿಸಿಕೊಂಡವರಲ್ಲೂ ಒಬ್ಬರೂ ಇವತ್ತಿನವರೆಗೆ ಕಾಲಿನ ಅಳತೆ ಕೊಟ್ಟದ್ದನ್ನು ನಾನು ನೋಡಿಲ್ಲ.

ಈ ಮಾತುಗಳೆಲ್ಲ ಎಲ್ಲಿ ಹುಟ್ಟಿದವು ಟೀಚರ್ ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿದ್ದಷ್ಟು ಹೇಳುತ್ತೇನೆ, ಗೊತ್ತಿಲ್ಲದ್ದನ್ನು ಊಹೆ ಎಂದು ಹೇಳಿಯೇ ಹೇಳುತ್ತೇನೆ. ‘ಉಪ್ಪಿನ ಋಣ’ ಎನ್ನುತ್ತೇವೆ, ಜೋಳದ ಋಣ ಎಂದು ಅಷ್ಟಾಗಿ ಅನ್ನುವುದಿಲ್ಲ. ಯಾಕೆಂದರೆ ಜೋಳ ಹೊಲದಲ್ಲಿ ಬೆಳೆಯುತ್ತದೆ, ಉಪ್ಪು ಬೆಳೆಯುವುದಿಲ್ಲ. ಪರರ ಮನೆಯಲ್ಲಿ ಉಂಡಾಗ ಉಳಿದದ್ದನ್ನೆಲ್ಲ ಭೂಮಿತಾಯಿ ಕೊಟ್ಟಳು ಎಂದು ಸಮಾಧಾನ ಮಾಡಿಕೊಳ್ಳಬಹುದು, ಉಪ್ಪಿಗೆ ಮಾತ್ರ ಆ ಮನೆಯವರು ದುಡ್ಡಿನ ಗಂಟು ಬಿಚ್ಚಿರುತ್ತಾರೆ. ಇದು ನನ್ನ ಊಹೆ. ‘ಕೈ ಬಿಸಿ ಮಾಡು’ ಎಂಬುದರ ಮೂಲವನ್ನು ಯಾರೂ ಕೇಳುವುದಿಲ್ಲ, ಅರ್ಥ ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಎಲ್ಲರಿಗೂ ತಿಳಿದಿರುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲೂ ಕೈ ತಣ್ಣಗಿರುವ ಜನ ಕೆಲವು ಕುರ್ಚಿಗಳ ಮೇಲೆ ಮಾತ್ರ ಸಿಗುತ್ತಾರೆ.

ಇನ್ನು ‘ಮುಯ್ಯಿ’. ನಿಘಂಟು ತೆಗೆದರೆ ಉಡುಗೊರೆ ಎಂದಿದೆ, ಪ್ರತಿಫಲ ಎಂದಿದೆ, ಸೇಡು ಎಂದೂ ಇದೆ. ನನ್ನ ಜೊತೆ ಕೆಲಸ ಮಾಡುವ ಹಾನಗಲ್ಲಿನ ಶಿಕ್ಷಕಿಯೊಬ್ಬಳ ಪ್ರಕಾರ ಇದು ಭತ್ತದ ಗದ್ದೆಯಲ್ಲಿ ಹುಟ್ಟಿದ ಮಾತು. ಇವತ್ತು ನೀನು ನನ್ನ ಗದ್ದೆಯಲ್ಲಿ ನಾಟಿ ಮಾಡು, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಅದು ಮುಯ್ಯಾಳು. ಕೂಲಿ ಇಲ್ಲ, ಬಾಯಿಮಾತೂ ಇಲ್ಲ, ಬರುತ್ತಾರೆ ಅಷ್ಟೇ. ಇರಬಹುದು. ಆದರೆ ನಮ್ಮವ್ವನ ಪ್ರಕಾರ ಮುಯ್ಯಿ ಹುಟ್ಟಿದ್ದು ಶಾವಿಗೆ ಮಣೆಯ ಮೇಲೆ, ಅದರ ಮೇಲೆಯೇ ಹಾಳಾಗಿ ಹೋಯಿತು ಕೂಡ.

ನನ್ನ ತವರು ಹಿರೇಬೆಂಡಿಗೇರಿ. ಅವ್ವ ಅಲ್ಲಿ ನನ್ನ ತಮ್ಮನ ಜೊತೆ ಇದ್ದಾಳೆ. ತಮ್ಮ ಗೋವಿನಜೋಳ ಬೆಳೆಯುತ್ತಾನೆ, ಉಳಿದ ದಿನ ಬಾಡಿಗೆಗೆ ಗಾಡಿ ಓಡಿಸುತ್ತಾನೆ. ತಮ್ಮನ ಹೆಂಡತಿ ಚಿಕ್ಕೇರೂರಿನವಳು, ಒಳ್ಳೆಯವಳು, ಸ್ವಲ್ಪ ಧಾರಾಳಿ. ಎದುರು ಮನೆಯಲ್ಲಿ ನಾವು ಚಿಗವ್ವ ಎಂದು ಕರೆಯುವ ಹೆಂಗಸು ಇದ್ದಳು. ರಕ್ತಸಂಬಂಧದ ಚಿಕ್ಕಮ್ಮನಲ್ಲ, ಓಣಿಯ ಸಂಬಂಧ. ಅವಳ ಗಂಡ ಇದ್ದ, ಮಗಳನ್ನು ಹಾನಗಲ್ಲಿಗೆ ಕೊಟ್ಟಿದ್ದರು. ಅತ್ತೆ ಇದ್ದಳು, ಈಗಲೂ ಇದ್ದಾಳೆ. ಅವಳನ್ನು ಓಣಿಯವರೆಲ್ಲ ಆಯಿ ಎನ್ನುತ್ತೇವೆ. ಆಯಿಯ ವಯಸ್ಸು ಎಷ್ಟೆಂದು ಆಯಿಗೂ ಗೊತ್ತಿಲ್ಲ, ಕೇಳಿದರೆ “ಇನ್ನೂ ಐತಿ” ಎನ್ನುತ್ತಾಳೆ.

ನಮ್ಮ ಓಣಿಯಲ್ಲಿ ಬೇಸಿಗೆ ಬಂತೆಂದರೆ ಹೆಂಗಸರು ಸರತಿಯ ಮೇಲೆ ಒಬ್ಬರ ಮನೆಯಲ್ಲಿ ಒಬ್ಬರು ಶಾವಿಗೆ ಹೊಸೆಯುತ್ತಾರೆ. ಮಣೆಯ ಮೇಲೆ ಕೂತು ಕಣಕವನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ಎಳೆ ತೆಗೆದು, ಕೋಲಿನ ಮೇಲೆ ಒಣಗಲು ಹಾಕುವುದು. ಈಗ ಮಷೀನು ಬಂದಿದೆ, ಆದರೆ ಅವ್ವ ಮಷೀನಿನ ಶಾವಿಗೆಯನ್ನು ಶಾವಿಗೆ ಎಂದು ಒಪ್ಪುವುದಿಲ್ಲ. ಅವ್ವನ ಕೈಯೂ ಚಿಗವ್ವನ ಕೈಯೂ ಓಣಿಯಲ್ಲೇ ಹೆಸರಾದ ಕೈಗಳು. ಒಂದು ವರ್ಷ ಅವ್ವ ಚಿಗವ್ವನ ಮನೆಯಲ್ಲಿ ದಿನವಿಡೀ ಹೊಸೆದು ಬಂದಳು. ಅವ್ವನ ಸರತಿಯ ದಿನ ಚಿಗವ್ವ ಬರಲಿಲ್ಲ. ಹಿರೇಕೆರೂರಿನ ತವರಿನಲ್ಲಿ ತಂಗಿಯ ಹೆರಿಗೆ ಎಂದು ಹೋಗಬೇಕಾಯಿತು. ಹೋಗುವಾಗ ಒಬ್ಬ ಹೆಣ್ಣಾಳಿಗೆ ಕೂಲಿ ಕೊಟ್ಟು, ತನ್ನ ಬದಲಿಗೆ ಅವ್ವನ ಮನೆಯಲ್ಲಿ ಹೊಸೆದು ಬಾ ಎಂದು ಕಳಿಸಿದಳು. ಅದು ದೊಡ್ಡ ತಪ್ಪಾಯಿತು.

“ನಾ ನನ್ನ ಕೈ ಕೊಟ್ಟಿದ್ದೆ. ಆಕಿ ರೊಕ್ಕಾ ಕೊಟ್ಟ ಕೈ ಕಳಿಸಿದ್ಲು,” ಎಂದಳು ಅವ್ವ. “ಅಂದ್ರ ನನ್ನ ಕೈಗೆ ಕೂಲಿ ಕಟ್ಟಿದಂಗ ಆತೋ ಇಲ್ಲೋ?”

ಚಿಗವ್ವ ಹಿರೇಕೆರೂರಿನಿಂದ ಬಂದವಳು ಬೀದಿಯಲ್ಲೇ ನಿಂತು ಉತ್ತರ ಕೊಟ್ಟಳು. “ಆಳು ಬಂದಿದ್ಲೋ ಇಲ್ಲೋ? ಶ್ಯಾವಗಿ ಆದವೋ ಇಲ್ಲೋ? ಮತ್ತೇನ ಬೇಕಂತ?”

“ಶ್ಯಾವಗಿ ಅಲ್ಲ ಅವು, ಹಗ್ಗ. ಎಮ್ಮಿ ಕಟ್ಟಾಕ ಬರ್ತಾವ.”

ಅಲ್ಲಿಗೆ ಇಬ್ಬರೂ ಮಾತು ಬಿಟ್ಟರು. ಎದುರುಬದುರು ಮನೆ, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಅಂಗಳ ಕಸ ಹೊಡೆಯುತ್ತಾರೆ, ಮುಖ ನೋಡುವುದಿಲ್ಲ. ಹೇಳಲೇಬೇಕಾದದ್ದು ಇದ್ದರೆ ಗೋಡೆಗೆ ಹೇಳುತ್ತಾರೆ, ಗೋಡೆಯ ಪರವಾಗಿ ಎದುರಿನವಳು ಕೇಳಿಸಿಕೊಳ್ಳುತ್ತಾಳೆ. ನಾನು ಹಬ್ಬಕ್ಕೆ ಹೋದಾಗ ಚಿಗವ್ವನನ್ನು ಮಾತಾಡಿಸಿದರೆ ಅವ್ವ ಒಂದು ದಿನ ನನ್ನ ಜೊತೆ ಮಾತಾಡುತ್ತಿರಲಿಲ್ಲ. ನನಗಂತೂ ಇಬ್ಬರ ಮೇಲೂ ರೇಗಿಹೋಗಿತ್ತು. ಹಿಟ್ಟಿನ ಎಳೆಗಾಗಿ ಇಷ್ಟೆಲ್ಲ ಯಾಕೆ?

ಹೀಗಿರುವಾಗ ಅಪ್ಪ ಹೋದ. ಬೆಳಿಗ್ಗೆ ಚಹಾ ಕೇಳಿದ, ಚಹಾ ಬರುವುದರೊಳಗೆ ಹೋಗಿಬಿಟ್ಟಿದ್ದ. ನಮ್ಮಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಮಣ್ಣು ಮಾಡಿ ಬಂದ ಮೇಲೂ ಕೆಲವು ದಿನ ನೆಂಟರು, ನೆರೆಯವರು ಬುತ್ತಿ ಕಟ್ಟಿಕೊಂಡು ಬಂದು ಉಣ್ಣಿಸುತ್ತಾರೆ. ಸಿಹಿ ಇರಬಾರದು. ರೊಟ್ಟಿ, ಕಾಳಿನ ಪಲ್ಯ, ಅನ್ನ, ಸಾರು. ಅವತ್ತು ಅವ್ವ ಗೋಡೆಗೆ ಒರಗಿ ಕೂತವಳು ನೀರನ್ನೂ ಮುಟ್ಟಲಿಲ್ಲ. ಯಾರು ಹೇಳಿದರೂ ತಲೆ ಅಲ್ಲಾಡಿಸುತ್ತಿದ್ದಳು. ಆಗ ಚಿಗವ್ವ ಬುತ್ತಿಯ ಗಂಟು ಹಿಡಿದುಕೊಂಡು ಬಂದಳು. ಯಾರನ್ನೂ ಮಾತಾಡಿಸಲಿಲ್ಲ. ನೇರ ಅವ್ವನ ಮುಂದೆ ಕೂತಳು, ಗಂಟು ಬಿಚ್ಚಿದಳು, ರೊಟ್ಟಿ ಮುರಿದು ಪಲ್ಯ ಹಚ್ಚಿ ಅವ್ವನ ಬಾಯಿಗೆ ಹಿಡಿದಳು. ಅವ್ವ ಮುಖ ತಿರುಗಿಸಿದಳು.

“ತಿನ್ನ,” ಎಂದಳು ಚಿಗವ್ವ. “ಸಿಟ್ಟು ಆಮ್ಯಾಲ ಮಾಡೂವಂತಿ.”

ಅವ್ವ ತಿಂದಳು. ತಿನ್ನುತ್ತ ತಿನ್ನುತ್ತ ಅತ್ತಳು. ಅಲ್ಲಿಯವರೆಗೆ ಅವಳಿಗೆ ಅಳುವೂ ಬಂದಿರಲಿಲ್ಲ. ಒಲೆ ಹಚ್ಚುವ ದಿನದವರೆಗೂ ಚಿಗವ್ವ ಎರಡು ಹೊತ್ತು ಬುತ್ತಿ ತಂದಳು, ತಾನೇ ಉಣ್ಣಿಸಿದಳು, ಬರಿ ಪಾತ್ರೆ ಎತ್ತಿಕೊಂಡು ಹೋದಳು. ಇನ್ನು ಇವರ ಜಗಳ ಮುಗಿಯಿತು ಎಂದು ನಾನೂ ತಮ್ಮನೂ ಮಾತಾಡಿಕೊಂಡೆವು. ಮುಗಿಯಲಿಲ್ಲ. ಸಿಟ್ಟು ಆಮೇಲೆ ಮಾಡುವಂತಿ ಎಂದು ಚಿಗವ್ವನೇ ಹೇಳಿದ್ದಳಲ್ಲ, ಅವ್ವ ಆಮೇಲೆ ಮಾಡಿದಳು.

ಆದರೆ ಸಿಟ್ಟಿನ ಜೊತೆಗೆ ಈಗ ಇನ್ನೊಂದು ಸೇರಿಕೊಂಡಿತ್ತು, ಹಂಗು. ಶಾಲೆಯಲ್ಲಿ ನಾನು ಹಂಗು ಎಂದರೆ ಪರರ ಉಪಕಾರಕ್ಕೆ ಒಳಗಾಗಿರುವುದು ಎಂದು ಬರೆಸುತ್ತೇನೆ. ಅವ್ವ ಹೇಳುತ್ತಿದ್ದದ್ದೇ ಬೇರೆ.

“ಆಕಿ ತಿನಿಸಿದ ತುತ್ತು ಇನ್ನೂ ಗಂಟಲದಾಗ ಕುಂತೈತಿ,” ಎನ್ನುತ್ತಿದ್ದಳು ಫೋನಿನಲ್ಲಿ. “ಅದನ್ನ ಇಳಿಸದ ನಾ ಸಾಯಂಗಿಲ್ಲ. ಆಕಿ ಹಂಗು ಹೊತಗೊಂಡು ಹೋಗಾಕ ನಾ ಒಲ್ಲೆ.”

“ಒಂದು ಸೀರಿ ಕೊಟ್ಟ ಬಿಡ ಬೇ,” ಎಂದೆ ನಾನು.

“ಅಯ್ಯ, ಸುಮ್ನಿರ! ಬುತ್ತಿಗೆ ಸೀರಿ ಕೊಡತಾರೇನ?”

ಕೊಡುವುದಿಲ್ಲ, ನನಗೂ ಗೊತ್ತು. ತೊಟ್ಟಿಲಿಗೆ ತಂದದ್ದು ತೊಟ್ಟಿಲಿಗೇ ಹೋಗಬೇಕು, ಮದುವೆಯ ಮುಯ್ಯಿ ಮದುವೆಗೇ. ಸಾವಿನ ಬುತ್ತಿಯನ್ನು ಸಾವಿನ ಬುತ್ತಿಯಿಂದಲೇ ತೀರಿಸಬೇಕು. ಮೊದಲೇ ಕೊಡುವ ಹಾಗಿಲ್ಲ, ಕೊಟ್ಟರೆ ಶಾಪ ಹಾಕಿದಂತೆ. ಅಂದರೆ ಎದುರು ಮನೆಯಲ್ಲಿ ಯಾರಾದರೂ ಸಾಯಬೇಕು. ಹಾಗೆಂದು ಅವ್ವ ಬಾಯಿಬಿಟ್ಟು ಎಂದೂ ಹೇಳಲಿಲ್ಲ. ಆದರೆ ಆ ಮನೆಯಲ್ಲಿ ಸರತಿಯ ಪ್ರಕಾರ ಯಾರು ಮೊದಲು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ಆಯಿಗೂ ಇರಲಿಲ್ಲ. ಅವ್ವ ಆಯಿಯ ಆರೋಗ್ಯವನ್ನು ವಿಚಾರಿಸತೊಡಗಿದಳು. ಕೆಮ್ಮು ಹೆಂಗೈತಿ ಆಯಿ, ಊಟ ಸೇರತೈತೇನ ಆಯಿ. ಓಣಿಯವರು, ಜಗಳ ಏನೇ ಇರಲಿ, ಹಿರಿಯರ ಮೇಲೆ ಎಷ್ಟು ಮಮತೆ ನೋಡಿ ಎಂದು ಅವ್ವನನ್ನು ಹೊಗಳಿದರು. ಅವ್ವ ಹೊಗಳಿಕೆಯನ್ನು ತಲೆ ತಗ್ಗಿಸಿಕೊಂಡು ಸ್ವೀಕರಿಸಿದಳು.

ಒಂದು ಮಳೆಗಾಲ ಆಯಿಗೆ ಜ್ವರ ಬಂತು. ಕಣ್ಣು ಮೇಲೆ ಹೋಗಿವೆ, ಹಾನಗಲ್ಲಿನಿಂದ ಮೊಮ್ಮಗಳನ್ನು ಕರೆಸಿದ್ದಾರೆ ಎಂದು ಸುದ್ದಿಯಾಯಿತು. ಅವ್ವ ನನಗೆ ಫೋನ್ ಮಾಡಿ ದನಿ ತಗ್ಗಿಸಿ ಹೇಳಿದಳು.

“ಮಡಿಕಿ ಕಾಳು ನೆನಿ ಹಾಕೇನಿ.”

“ಯಾಕ ಬೇ?” ಎಂದೆ. ಬುತ್ತಿಯ ಕಾಳೆಂದು ಕೇಳಿದ ಮೇಲೆ ನನಗೇ ಹೊಳೆಯಿತು. “ಅವ್ವಾ! ಆಯಿ ಇನ್ನೂ ಜೀವಂತ ಅದಾಳ!”

“ಅದಾಳ, ನಾ ಏನ ಇಲ್ಲ ಅಂದ್ನೇನ? ಕಾಳು ಆ ಹೊತ್ತಿಗೆ ನೆನಿ ಹಾಕಿದ್ರ ನೆನೀತಾವೇನ?”

ಕಾಳು ನೆನೆದವು. ಆಯಿ ಹೋಗಲಿಲ್ಲ. ಅವ್ವ ಕಾಳನ್ನು ಬಟ್ಟೆಯಲ್ಲಿ ಕಟ್ಟಿಟ್ಟಳು. ಮೊಳಕೆ ಬಂದವು, ಅಷ್ಟರಲ್ಲಿ ಆಯಿ ಎದ್ದು ಕೂತು ಗಂಜಿ ಕೇಳಿದಳು. ಮನೆಯಲ್ಲಿ ಒಂದು ಓಣಿಗಾಗುವಷ್ಟು ಮೊಳಕೆ ಕಾಳು. ಅವ್ವ ಹೊಲಕ್ಕೆ ಹೋದಾಗ ತಮ್ಮನ ಹೆಂಡತಿ, ಪಾಪ, ಇದ್ಯಾವುದೂ ತಿಳಿಯದ ಹುಡುಗಿ, ಕೆಡುತ್ತವಲ್ಲ ಎಂದು ಪಲ್ಯ ಮಾಡಿ ನಾಲ್ಕು ಮನೆಗೆ ಹಂಚಿದಳು. ಜ್ವರ ಬಿಟ್ಟವರ ಬಾಯಿಗೆ ರುಚಿಯಾಗಲಿ ಎಂದು ಎದುರು ಮನೆಗೂ ಒಂದು ಬಟ್ಟಲು ಕೊಟ್ಟು ಬಂದಳು.

ವರ್ಷಗಟ್ಟಲೆ ಒಂದು ಕರಿಬೇವಿನ ಎಲೆಯನ್ನೂ ಕಳಿಸದ ಮನೆಯಿಂದ ಮಡಿಕೆ ಕಾಳಿನ ಪಲ್ಯ ಬಂದರೆ ಅದು ಯಾತಕ್ಕೆ ನೆನೆಸಿದ ಕಾಳೆಂದು ಚಿಗವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಸಂಜೆ ಅಂಗಳಕ್ಕೆ ಬಂದು ಗೋಡೆಗೆ ಹೇಳಿದಳು.

“ನಮ್ಮತ್ತಿ ಇನ್ನೂ ಉಸರಾಡಾಕತ್ತಾಳ. ಮಂದಿ ಮನ್ಯಾಗ ಆಗಲೇ ಕಾಳು ಮೊಳಕಿ ಒಡದಾವ ನೋಡ!”

ಅವ್ವ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗೆ ನಾಚಿಕೆಯಾಗಿತ್ತು, ನಿಜವಾಗಿಯೂ ಆಗಿತ್ತು. ಮರುದಿನ ಆಯಿ ಕೋಲೂರುತ್ತ ಬೀದಿ ದಾಟಿ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. ಆ ವಾರ ನಾನೂ ಊರಲ್ಲಿದ್ದೆ.

“ನನ್ನ ಬುತ್ತಿ ಕಾಳು ನಾನ ತಿಂದ್ನಿ ನೋಡವಾ,” ಎಂದಳು ಅವ್ವನಿಗೆ. “ಉಪ್ಪು ಸ್ವಲ್ಪ ಕಡಿಮಿ ಇತ್ತು.”

“ಆಯಿ, ತಪ್ಪಾತು. ಹೊಟ್ಟ್ಯಾಗ ಹಾಕ್ಕೋ.”

“ಹಾಕ್ಕೊಂಡೇನಲ್ಲ, ಬಟ್ಟಲ ತುಂಬ. ತಪ್ಪೇನ ಬಂತು? ನೀ ನನ್ನ ಸೊಸಿಗೆ ಮುಯ್ಯಿ ಮುಟ್ಟಸಬೇಕಂತಿ, ನಾ ಸಾಯವಲ್ಲೆ. ನಿಮ್ಮಿಬ್ಬರ ನಡಕ ನಾ ಅಡ್ಡ ಆಗೇನಿ.” ಆಯಿ ಕೋಲಿನಿಂದ ಎದುರು ಮನೆಯ ಕಡೆ ತೋರಿಸಿದಳು. “ಆಕಿನೂ ಹಂಗ ಅದಾಳ. ಅವತ್ತು ಹಿರೇಕೆರೂರಿಂದ ಬಂದಾಕಿ ಮರುದಿನ ನಿಮ್ಮ ಮನಿಗೆ ತಾನ ಬಂದು ಶ್ಯಾವಗಿ ಮಣಿ ಮ್ಯಾಲ ಕೂಡಾಕಿ ಇದ್ಲು. ನೀ ಹಗ್ಗ ಅಂದಿ. ಅಲ್ಲೇ ನಿಂತ್ಲು.”

ಇದು ಅವ್ವನಿಗೆ ಗೊತ್ತಿರಲಿಲ್ಲ. ಎದ್ದು ಹೋಗಿ ಆಯಿಗೆ ಚಹಾ ಮಾಡಿಕೊಟ್ಟಳು. ಮಾತು ಮಾತ್ರ ಬಿಟ್ಟದ್ದು ಬಿಟ್ಟೇ ಇತ್ತು. ಯಾರು ಮೊದಲು ಆಡಬೇಕು ಎಂಬುದಕ್ಕೆ ಸರತಿ ಗೊತ್ತಾಗದೆ ಇಬ್ಬರೂ ಕಾಯುತ್ತಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ.

ಹತ್ತಿ ಬಿಡಿಸುವ ಹೊತ್ತಿನಲ್ಲಿ ಚಿಗವ್ವ ಹೊಲದಿಂದ ಬಂದು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಳಂತೆ. ತಮ್ಮ ಗಾಡಿ ತಂದ, ಹುಬ್ಬಳ್ಳಿಗೆ ಹೊರಟರು. ಶಿಗ್ಗಾಂವಿ ದಾಟುವುದರೊಳಗೆ ಮುಗಿದಿತ್ತು. ಗಾಡಿ ತಿರುಗಿಸಿಕೊಂಡು ಬಂದರು.

ನಾನು ಸವಣೂರಿನಿಂದ ಬಸ್ಸು ಹಿಡಿದು ಹೋದಾಗ ಅವ್ವ ನಮ್ಮ ಅಂಗಳದಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ, ಸಿಟ್ಟಾಗಿದ್ದಳು.

“ಸರತಿ ಬಿಟ್ಟ ಹೋಗ್ಯಾಳ ನೋಡ,” ಎಂದಳು. “ಮೊದಲಿಂದ ಆಕಿದು ಹಂಗ.”

ಮಣ್ಣು ಮಾಡಿ ಬಂದರು. ಅವ್ವ ಸ್ನಾನ ಮಾಡಿ ಒಲೆ ಹಚ್ಚಿದಳು. ಕಾಳು ನೆನೆಸಿರಲಿಲ್ಲ, ನೆನೆಸುವ ಹೊತ್ತೂ ಇರಲಿಲ್ಲ. ರೊಟ್ಟಿ ತಟ್ಟಿದಳು, ಅನ್ನ ಮಾಡಿದಳು, ಬೇಳೆ ಸಾರು ಮಾಡಿದಳು. ತಮ್ಮನ ಹೆಂಡತಿ ನಾನು ತಟ್ಟುತ್ತೇನೆ ಎಂದು ಕೂತರೆ “ಬ್ಯಾಡ, ನನ್ನ ಕೈ ಬೇಕು” ಎಂದು ಎಬ್ಬಿಸಿದಳು. ಬುತ್ತಿ ಕಟ್ಟಿಕೊಂಡು ಮುಂದೆ ಅವಳು ಹೋದಳು, ನೀರಿನ ತಂಬಿಗೆ ಹಿಡಿದು ಹಿಂದೆ ನಾನು. ಎಷ್ಟು ವರ್ಷದಿಂದ ಕಾದಿದ್ದ ಬುತ್ತಿ.

ಆ ಮನೆಯಲ್ಲಿ ಗಂಡ, ಮಗಳು ಹೇಗೋ ಎರಡು ತುತ್ತು ತಿಂದರು. ಆಯಿ ಕಂಬಕ್ಕೆ ಒರಗಿ ತುಟಿ ಬಿಗಿಹಿಡಿದು ಕೂತಿದ್ದಳು. ಸೊಸೆ ಹೋಗಿದ್ದಾಳೆ, ತಾನು ಉಳಿದಿದ್ದಾಳೆ. ಎಲ್ಲರೂ ಹೇಳಿ ಸೋತಿದ್ದರು. ಅವ್ವ ಅವಳ ಮುಂದೆ ಕೂತಳು. ರೊಟ್ಟಿ ಮುರಿದು, ಹಲ್ಲಿಲ್ಲದ ಬಾಯಿಗೆ ಆಗಲಿ ಎಂದು ಸಾರಿನಲ್ಲಿ ಮೆತ್ತಗೆ ಮಾಡಿ, ತುತ್ತು ಮಾಡಿ ಹಿಡಿದಳು. ಆಯಿ ಮುಖ ತಿರುಗಿಸಿದಳು.

“ತಿನ್ನ, ಆಯಿ,” ಎಂದಳು ಅವ್ವ. ತುತ್ತನ್ನು ಮತ್ತೆ ಅವಳ ಬಾಯಿಯ ಹತ್ತಿರ ತಂದಳು. “ಸಿಟ್ಟು ಆಮ್ಯಾಲ ಮಾಡೂವಂತಿ.”

ಆಯಿ ತಿಂದಳು. ನನಗೆ ಅಳು ತಡೆಯಲಾಗಲಿಲ್ಲ, ತಂಬಿಗೆ ಕೆಳಗಿಟ್ಟು ಅತ್ತುಬಿಟ್ಟೆ. ಅಲ್ಲಿ ಒಲೆ ಹಚ್ಚುವ ದಿನದವರೆಗೂ ಅವ್ವ ಎರಡು ಹೊತ್ತು ಬುತ್ತಿ ಒಯ್ದಳು, ಬರಿ ಪಾತ್ರೆ ತಂದಳು. ಕೊನೆಯ ದಿನ ಪಾತ್ರೆಯನ್ನು ತೊಳೆಯದೆ ಪಕ್ಕಕ್ಕಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

“ಮುಟ್ಟಿತಲ್ಲ ಬೇ ಮುಯ್ಯಿ,” ಎಂದೆ.

“ನಂದು ಮುಟ್ಟಿತು.” ಅವ್ವ ಎದುರು ಮನೆಯ ಅಂಗಳ ನೋಡುತ್ತಿದ್ದಳು. ಅದನ್ನು ಅವತ್ತು ಯಾರೂ ಗುಡಿಸಿರಲಿಲ್ಲ. “ಆಕಿದು ಬಾಕಿ ಉಳೀತು. ಶ್ಯಾವಗಿ ಕೈ.”

“ಬಿಟ್ಟ ಬಿಡ. ಇನ್ನೂ ಅದನ್ನ ಹಿಡಕೊಂಡ ಕೂಡತಿಯೇನ?”

“ನಾ ಎಂದೋ ಬಿಟ್ಟೇನಿ,” ಎಂದಳು ಅವ್ವ. “ನಾ ಬಿಟ್ಟದ್ದು ಆಕಿಗೆ ಗೊತ್ತಿಲ್ಲಲ್ಲ. ಹಂಗು ಹೊತಗೊಂಡ ಹ್ವಾದ್ಲು. ಒಂದು ಮಾತು ನಾ ಹೇಳಬೇಕಿತ್ತು.”

ಯಾರಾದರೂ ಸತ್ತಾಗ ನಮ್ಮಲ್ಲಿ ಋಣ ಹರಿಯಿತು ಎನ್ನುತ್ತಾರೆ. ಅದನ್ನೇ ಹೇಳೋಣ ಎಂದು ಬಾಯಿ ತೆರೆದೆ. ಅವ್ವನ ಮುಖ ನೋಡಿ, ಪಾತ್ರೆ ಎತ್ತಿಕೊಂಡು ತೊಳೆಯಲು ಹೋದೆ.

ಬೇಸಿಗೆ ಬಂತು. ಅವ್ವನ ಸರತಿಯ ದಿನ ಕಟ್ಟೆಯ ಮೇಲೆ ಮಣೆ ಹಾಕಿದರು, ಕಣಕ ನಾದಿದರು. ಶಾಲೆಗೆ ರಜೆ ಇದ್ದುದರಿಂದ ನಾನೂ ಹೋಗಿದ್ದೆ. ನನ್ನ ಕೈಯ ಶಾವಿಗೆಯನ್ನು ಅವ್ವ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೋಲು ಎತ್ತಿಡುವ ಕೆಲಸ ಕೊಟ್ಟಿದ್ದಳು. ಓಣಿಯ ಹೆಂಗಸರು ಇನ್ನೂ ಕೂರುತ್ತಿದ್ದರು, ಆಯಿ ಕೋಲೂರುತ್ತ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು.

“ನಮ್ಮ ಮನೀದು ಒಂದು ಕೈ ಬಾಕಿ ಐತಂತಲ್ಲ,” ಎಂದಳು. “ಸರೀರಿ ಅತ್ತಾಗ.”

“ಆಯಿ, ನಿನಗ ಆಗೂದಿಲ್ಲ,” ಎಂದಳು ಅವ್ವ.

“ನನ್ನ ಸೊಸಿದು ನಾ ತೀರಿಸಾಕತ್ತೇನಿ. ನಿನಗೇನ?”

ಸರಿದು ಜಾಗ ಕೊಟ್ಟರು. ಆಯಿಯ ಬೆರಳುಗಳು ಸೊಟ್ಟಗಾಗಿವೆ, ಅಂಗೈ ಅದುರುತ್ತದೆ. ಒಂದು ಎಳೆ ಎಳೆಯುವುದರಲ್ಲಿ ಉಳಿದವರು ಒಂದು ಕೋಲು ತುಂಬಿಸುತ್ತಿದ್ದರು. ಹೊಸೆದದ್ದಾದರೂ ಏನು, ಒಂದು ಕಡೆ ಬೆರಳಷ್ಟು ದಪ್ಪ, ಒಂದು ಕಡೆ ತುಂಡು. ಸಂಜೆಯವರೆಗೂ ಏಳಲಿಲ್ಲ. ಅವ್ವ ಆಯಿಯ ಶಾವಿಗೆಗೆ ಬೇರೆ ಕೋಲು ಇಟ್ಟಳು.

ಒಣಗಿದ ಮೇಲೆ ಅವ್ವ ಆ ಕೋಲಿನ ಶಾವಿಗೆಯನ್ನಷ್ಟೇ ತೆಗೆದು, ಬೇಯಿಸಿ ಬಸಿದು, ಬೆಲ್ಲ ಹಾಲು ಹಾಕಿ, ಆಯಿಯನ್ನು ಕರೆದು ಕೂರಿಸಿದಳು. ಇಬ್ಬರಿಗೂ ಬಡಿಸಿದೆ. ಎಳೆ ಹೊರಗೆ ಬೆಂದಿತ್ತು, ಒಳಗೆ ಹಿಟ್ಟು ಹಾಗೇ ಇತ್ತು.

“ಹೆಂಗ ಆಗ್ಯಾವ?” ಎಂದು ಆಯಿ ಕೇಳಿದಳು.

ಅವ್ವ ಬಟ್ಟಲು ನೋಡುತ್ತ ಹೇಳಿದಳು. “ಭಾಳ ಸಣ್ಣ ಆಗ್ಯಾವ, ಆಯಿ. ಕೂದಲ ಎಳಿ ಆಗ್ಯಾವ.”

ಆಯಿ ಅವ್ವನ ಮುಖವನ್ನೇ ನೋಡಿದಳು. ಆಮೇಲೆ ತನ್ನ ಬಟ್ಟಲಿನಿಂದ ಒಂದು ತುತ್ತು ತೆಗೆದು ಅವ್ವನ ಬಾಯಿಗೆ ಹಿಡಿದಳು.

“ಸುಳ್ಳ ಹೇಳಬ್ಯಾಡ,” ಎಂದಳು. “ತಿನ್ನ.”